ಮಾಳಿಗೆ ಮೇಲಿನ ಆ ಎರಡು ದಿನ

೧

ಈ ಕಥೆಯನ್ನು ಬೆಕ್ಕಿನಿಂದ ಶುರು ಮಾಡಬೇಕೋ, ಬೆಕ್ಕಿನ ಮೈಮೇಲೆ ಕೂದಲಿಲ್ಲದ ಜಾಗದಿಂದ ಶುರು ಮಾಡಬೇಕೋ ಎಂದು ಮೂರು ದಿನದಿಂದ ಕೂತಿದ್ದೇನೆ. ಮೊದಲ ಡ್ರಾಫ್ಟಿನಲ್ಲಿ ಮಲಪ್ರಭೆ ಹರಿಯುತ್ತಿತ್ತು, ಬಾದಾಮಿಯ ಕೆಂಪು ಗುಡ್ಡದ ಹಿಂದೆ ಸೂರ್ಯ ಮುಳುಗುತ್ತಿದ್ದ. (ಓದುಗರೇ, ಕಥೆಗಾರನಿಗೆ ದಾರಿ ಕಾಣದಿದ್ದಾಗ ಸೂರ್ಯನನ್ನು ಮುಳುಗಿಸುತ್ತಾನೆ. ನಂಬಬೇಡಿ.) ಹೊಡೆದು ಹಾಕಿದೆ. ಇದು ನಡೆದದ್ದು ಬಾಗಲಕೋಟೆಯ ನವನಗರದ ಒಂದು ಸಾದಾ ಮನೆಯಲ್ಲಿ. ಅಲ್ಲಿಂದ ಗುಡ್ಡವೂ ಕಾಣುವುದಿಲ್ಲ, ಹೊಳೆಯೂ ಕಾಣುವುದಿಲ್ಲ. ಎದುರು ಮನೆಯ ನೀರಿನ ಟಾಕಿ ಕಾಣುತ್ತದೆ.

೨

ಆ ಮನೆಯ ಯಜಮಾನ ಹುಲ್ಲಪ್ಪ. ಚಿಕ್ಕವನಿದ್ದಾಗ ಅಪ್ಪನ ಹಿಂದೆ ಕುರಿ ಕಾಯ್ದವನು, ಆಮೇಲೆ ಸರಕಾರಿ ಕಚೇರಿಯಲ್ಲಿ ಜವಾನನಾಗಿ ನಿವೃತ್ತನಾದವನು. ಹೆಂಡತಿ ಬೋರವ್ವ. ಅವಳಿಗೆ ಮಣಕಾಲು ನೋವು, ಮೆಟ್ಟಿಲು ಹತ್ತಲಾರಳು. ಅವಳ ಬೆಕ್ಕಿನ ಹೆಸರು ಮಸಿ. ಹದಿನಾಲ್ಕು ವರ್ಷದ ಹಿಂದೆ ಕೆರೂರ ಸಂತೆಯಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದದ್ದು. ಬೋರವ್ವ ಮಡಿಲ ಮೇಲೆ ಹಳೆಯ ಇಳಕಲ್ ಸೀರೆ ಹಾಸಿದರೆ ಸಾಕು, ಮಸಿ ಎಲ್ಲಿದ್ದರೂ ಬಂದು ಅದರ ಮೇಲೆ ಮಲಗುತ್ತಿತ್ತು.

ಈ ಚಳಿಗಾಲದಲ್ಲಿ ಮಸಿಯ ಹಿಂದಿನ ತೊಡೆಯ ಮೇಲೆ ವೀಳ್ಯದೆಲೆಯಷ್ಟು ಜಾಗ ಬೋಳಾಯಿತು. ವಾರ ಕಳೆಯುವುದರೊಳಗೆ ಹೊಟ್ಟೆಯ ಮೇಲೆ ಇನ್ನೊಂದು. ಗಾಯವಿಲ್ಲ, ಹುಣ್ಣಿಲ್ಲ, ಬರೀ ಚರ್ಮ.

"ಅದಕ್ಕ ನೋವೈತ್ರಿ," ಅಂದಳು ಬೋರವ್ವ. "ನಾ ಮಣಕಾಲ ತಿಕ್ಕೊಂತ ಕುಂದರೂದಿಲ್ಲೇನು, ಹಂಗ ಅದು ನೆಕ್ಕೊಂತ ಕುಂದರತೈತಿ."

ಹುಲ್ಲಪ್ಪ ನಕ್ಕುಬಿಟ್ಟ. "ಏ ಹುಚ್ಚಿ, ಬೆಕ್ಕಿಗೆಲ್ಲಿ ಮಣಕಾಲ ನೋವು! ಇದು ಕಜ್ಜಿ. ಕುರಿ ಕಾಯೋ ಬೀರಪ್ಪನ ಮಂದಿ ನಾವು, ನನಗ ಹೇಳಿಕೊಡಾಕ ಬರ್ತಿಯೇನು? ಒಂದಕ್ಕ ಹತ್ತಿದ್ರ ಹಿಂಡಿಗೆಲ್ಲಾ ಹತ್ತತೈತಿ."

(ಹಿಂಡು ಎಂದರೆ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.)

ಕಜ್ಜಿ ಹತ್ತಿದ ಕುರಿಯನ್ನು ಹಟ್ಟಿಯಿಂದ ದೂರ ಕಟ್ಟಬೇಕು, ಬೇವಿನ ಎಣ್ಣೆ ಹಚ್ಚಬೇಕು. ಅವನ ಅಪ್ಪ ಹಾಗೆ ಮಾಡುತ್ತಿದ್ದ. ಹುಲ್ಲಪ್ಪ ಮಸಿಯನ್ನು ಒಯ್ದು ಮಾಳಿಗೆ ಮೇಲಿನ ತಗಡಿನ ಖೋಲಿಯಲ್ಲಿ ಹಗ್ಗ ಹಾಕಿ ಕಟ್ಟಿದ. ಒಯ್ಯುವಾಗ ಬೋರವ್ವ ಹಾಸಲು ಸೀರೆ ಕೊಟ್ಟಿದ್ದಳು. "ಸೀರಿಗೂ ಹತ್ತತೈತಿ, ಬ್ಯಾಡ," ಎಂದು ಅದನ್ನು ಕೆಳಗೇ ಬಿಟ್ಟು ಹೋಗಿದ್ದ.

೩

ಈ ಭಾಗದಲ್ಲಿ ಹುಲ್ಲಪ್ಪನನ್ನು ಕಟುಕನನ್ನಾಗಿ ಮಾಡಿದ್ದೆ. ಕೆಂಗಣ್ಣು, ಹುರಿಮೀಸೆ, ಮಾತೆತ್ತಿದರೆ ಬೈಗುಳ. ಓದಿ ನೋಡಿದೆ, ನಾಟಕ ಕಂಪನಿಯ ಖಳನಾಯಕ ಆಗಿದ್ದ. ಹರಿದು ಹಾಕಿದೆ. ಅವನಿಗೆ ಮೀಸೆಯೇ ಇಲ್ಲ ಕಣ್ರಿ. ದಿನಕ್ಕೆ ಎರಡು ಸಲ ಹಾಲು ಬೆಚ್ಚಗೆ ಮಾಡಿಕೊಂಡು ಮೇಲೆ ಹೋಗುತ್ತಿದ್ದ. ಎಣ್ಣೆ ಹಚ್ಚುವಾಗ ಬೆಕ್ಕಿನ ಜೊತೆ ಮಾತಾಡುತ್ತಿದ್ದ. ಅವನಿಗೂ ಅದರ ಮೇಲೆ ಪ್ರೀತಿ ಇತ್ತು. ಇದೇ ನನಗೆ ಬರೆಯಲು ಕಷ್ಟ ಕೊಡುತ್ತಿರುವ ಸಂಗತಿ.

೪

ಮೊದಲ ಆರು ದಿನ ಮಸಿ ಮೇಲಿನಿಂದ ಕೂಗುತ್ತಿತ್ತು. ಬೋರವ್ವ ಮೆಟ್ಟಿಲ ಬುಡದಲ್ಲಿ ಕೂತು, "ಏನವ್ವಾ, ಏನು?" ಅನ್ನುತ್ತಿದ್ದಳು. ಅದು ಮತ್ತೆ ಕೂಗುತ್ತಿತ್ತು. ಹಾಗೇ ಇಬ್ಬರ ಮಾತುಕತೆ ನಡೆಯುತ್ತಿತ್ತು. ಏಳನೆಯ ದಿನ ಕೂಗು ನಿಂತಿತು.

"ಯಾಕ್ರಿ, ದನೀನ ಇಲ್ಲ?"

"ರೂಢಿ ಆಗೈತಿ. ಕೂದಲಾ ಬರಾಕ ಹತ್ಯಾವ," ಅಂದ ಹುಲ್ಲಪ್ಪ.

ಸುಳ್ಳು. ಹೊಸದಾಗಿ ಬೆನ್ನೂ ಬೋಳಾಗಿತ್ತು. ಹಾಲು ಬಟ್ಟಲಿನಲ್ಲಿ ಹಾಗೇ ಕೆನೆಗಟ್ಟಿ ಇರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅನ್ನುತ್ತಾರಲ್ಲ, ಇಲ್ಲಿ ಕಣ್ಣು ಮುಚ್ಚಿಕೊಂಡವನು ಹುಲ್ಲಪ್ಪ. (ಬೆಕ್ಕಿನ ಕಥೆಯಲ್ಲಿ ಬೆಕ್ಕಿನ ಗಾದೆ ಬರಬಾರದು ಎಂದು ನನಗೂ ಗೊತ್ತು. ಬಂದುಬಿಟ್ಟಿತು.)

೫

ಒಂಬತ್ತನೆಯ ದಿನ, ಬೋರವ್ವ ಮಧ್ಯಾಹ್ನ ಉಂಡು ಅಡ್ಡಾದಾಗ, ಅವನು ಮಸಿಯನ್ನು ಕೈಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದ. ಎಮ್ಮೆ, ಹೋರಿ, ಆಡುಗಳ ನಡುವೆ ಬೆಕ್ಕು ಹಿಡಿದು ನಿಲ್ಲಲು ಅವನಿಗೆ ನಾಚಿಕೆಯಾಯಿತು. ಅಲ್ಲಿ ಪ್ರಿಯದರ್ಶಿನಿ ಎಂಬ ಡಾಕ್ಟರು ಮಸಿಯನ್ನು ಒಳ್ಳೇ ಹೊತ್ತು ನೋಡಿದರು.

"ಯಜಮಾನ್ರ, ಇದು ಕಜ್ಜಿ ಅಲ್ಲ. ಯಾರಿಗೂ ಹತ್ತೂದಿಲ್ಲ."

"ಮತ್ತ ಕೂದಲಾ?"

"ಯಾಕ ಉದುರ್ಯಾವ ಅಂತ ಒಮ್ಮೇಲೆ ಹೇಳಾಕ ಆಗೂದಿಲ್ರಿ. ರಕ್ತ ತಪಾಸ ಮಾಡಬೇಕು. ಹಿಂದಿನ ಕಾಲಿನ ಸಂದು ಮುಟ್ಟಿದ್ರ ಒದರತೈತಿ ನೋಡ್ರಿ. ನೋವಿದ್ದಲ್ಲಿ ನೆಕ್ಕಿ ನೆಕ್ಕಿ ಬೋಳ ಮಾಡ್ಕೊಂಡಿರಬಹುದು. ವಯಸ್ಸಾಗೈತಿ, ಥಂಡಿಯೊಳಗ ಇಡಬ್ಯಾಡ್ರಿ. ಇವತ್ತ ಮನಿಯೊಳಗ ತಗೋರಿ."

ಬೋರವ್ವ ಹೇಳಿದ್ದ ಮಾತೇ. ಹೆಚ್ಚುಕಡಿಮೆ ಅವೇ ಶಬ್ದಗಳು. ಹುಲ್ಲಪ್ಪನ ಕಿವಿ ಬಿಸಿಯಾದವು.

೬

ಹುಲ್ಲಪ್ಪ ಮನೆಗೆ ಬಂದ. ಎರಡು ದಿನದ ನಂತರ ಮಸಿ ಸತ್ತಿತು. ವಯಸ್ಸಾಗಿತ್ತು, ಯಾರ ತಪ್ಪೂ ಅಲ್ಲ.

೬ (ಮತ್ತೆ)

ಮೇಲಿನದನ್ನು ಬರೆದು ಚಹಾ ಕುಡಿಯಲು ಎದ್ದಿದ್ದೆ. ಹುಲ್ಲಪ್ಪ ಬಾಗಿಲಲ್ಲಿ ನಿಂತಿದ್ದ.

"ಏನ್ರೀ ಸಾಹೇಬ್ರ, ಎರಡು ದಿನದ ನಂತರ ಅಂತ ಒಂದ ಸಾಲಿನ್ಯಾಗ ದಾಟಿಬಿಟ್ರಿ?"

"ನಿಮ್ಮ ಮರ್ಯಾದೆ ಉಳಿಸೋಣ ಅಂತ."

"ಉಳಿಸಬ್ಯಾಡ್ರಿ. ಅದನ್ನ ಉಳಿಸ್ಕೊಳ್ಳಾಕ ಹೋಗೇ ಹಿಂಗ ಆಗೈತಿ. ಆ ಎರಡು ದಿನ ಬರೀರಿ."

ಸರಿ, ಬರೆಯುತ್ತೇನೆ. ಹುಲ್ಲಪ್ಪ ದವಾಖಾನೆಯಿಂದ ಮನೆಗೆ ಬಂದಾಗ ಬೋರವ್ವ ಇನ್ನೂ ಮಲಗಿದ್ದಳು. ಮಸಿಯನ್ನು ಅವಳ ಪಕ್ಕದಲ್ಲಿ ಬಿಟ್ಟರೆ ಮುಗಿಯುತ್ತಿತ್ತು. ಆದರೆ ಎದ್ದ ಮೇಲೆ ಅವಳು ಕೇಳುತ್ತಾಳೆ, ಹೇಳಬೇಕಾಗುತ್ತದೆ: ನೀ ಅಂದದ್ದೇ ಖರೆ, ನಾ ಸುಮ್ಮನೆ ಒಂಬತ್ತು ದಿನ ಕಟ್ಟಿಹಾಕಿದೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದು. ಎರಡು ದಿನ ಕಳೆದರೆ ಅಮಾವಾಸ್ಯೆ. ಅವತ್ತು ಬೀರಪ್ಪನ ಭಂಡಾರ, ಆ ದೇವರ ಅರಿಸಿನ, ಮಸಿಯ ಹಣೆಗೆ ಹಚ್ಚಿ ಕೆಳಗೆ ತಂದು, "ದೇವರ ಭಂಡಾರದಿಂದ ಕಜ್ಜಿ ಹೋತು" ಎಂದರಾಯಿತು. ಅವನೂ ಸೋತಂತಾಗುವುದಿಲ್ಲ, ಅವಳಿಗೂ ಬೆಕ್ಕು ಸಿಕ್ಕಂತಾಗುತ್ತದೆ.

ಕೈಚೀಲ ಹಿಡಿದು ಸದ್ದಾಗದಂತೆ ಮೆಟ್ಟಿಲು ಹತ್ತಿದ. ಡಾಕ್ಟರು ಕೊಟ್ಟ ಔಷಧಿಯನ್ನೂ ಹಾಕಿದ. ಹಗ್ಗ ಮಾತ್ರ ಕಟ್ಟಲಿಲ್ಲ. ಮಸಿ ಎದ್ದು ಹೋಗಲೂ ಇಲ್ಲ.

೭

ಅಮಾವಾಸ್ಯೆಯ ಬೆಳಿಗ್ಗೆ ಹುಲ್ಲಪ್ಪ ಸ್ನಾನ ಮಾಡಿ, ಅಂಗೈಯಲ್ಲಿ ಭಂಡಾರ ಹಿಡಿದು ಮೇಲೆ ಹೋದ. ಮಸಿ ಗೋಡೆಗೆ ಮುಖ ಮಾಡಿ ಮಲಗಿತ್ತು. ಮುಟ್ಟಿದ. ಹಿಂದಿನ ಕಾಲು ಸೆಟೆದಿತ್ತು. ಅವನು ಅಲ್ಲೇ ಕುಸಿದು ಕೂತು, "ತಪ್ಪಾತು ಯವ್ವಾ, ತಪ್ಪಾತು," ಎಂದು ಅತ್ತ. ಕೈಯಲ್ಲಿದ್ದ ಭಂಡಾರವೆಲ್ಲ ಬೋಳು ಬೆನ್ನಿನ ಮೇಲೆ ಚೆಲ್ಲಿತು.

ಇನ್ನೂ ಒಂದು ಮಾತಿದೆ. ಹಿಂದಿನ ದಿನವೇ ಅವನು ಬೋರವ್ವನಿಗೆ, "ನಾಳೆ ಅಮಾಸಿ, ಕೆಳಗ ತರ್ತೇನಿ," ಎಂದು ಹೇಳಿಬಿಟ್ಟಿದ್ದ. ಅವಳು ನಸುಕಿನಲ್ಲೇ ಎದ್ದು, ಮೆಟ್ಟಿಲ ಬುಡದಲ್ಲಿ ಕಾಲು ಚಾಚಿ, ಮಡಿಲ ಮೇಲೆ ಆ ಇಳಕಲ್ ಸೀರೆ ಹಾಸಿಕೊಂಡು ಕೂತಿದ್ದಾಳೆ.

೮

ಮುಕ್ತಾಯ, ಒಂದನೆಯದು: ಟವೆಲಿನಲ್ಲಿ ಸುತ್ತಿದ ಮಸಿ ಮೆಟ್ಟಿಲ ನಡುವೆ ಮಿಸುಕಾಡುತ್ತದೆ. ಬಿಸಿಲಿಗೆ ಜೀವ ಬರುತ್ತದೆ.

"ಬ್ಯಾಡ್ರಿ," ಅಂದ ಹುಲ್ಲಪ್ಪ. "ಆಮ್ಯಾಲ ನಾನ ಮತ್ತ ಗೆದ್ದಂಗಾಕ್ಕೈತಿ."

ಮುಕ್ತಾಯ, ಎರಡನೆಯದು: ಬೋರವ್ವ ಎದೆ ಬಡಿದುಕೊಂಡು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಇದು ಅವನೇ ಕೇಳಿಕೊಂಡ ಮುಕ್ತಾಯ. "ಆಕಿ ಬೈಲಿ ಅಂತ ಬರೀರಿ ಸಾಹೇಬ್ರ, ಕೈ ಮುಗೀತೇನಿ." ಬೈಗುಳ ಒಂದು ಪುಟ ಬರೆದು ಬೋರವ್ವನ ಮುಂದೆ ಇಟ್ಟೆ. ಅವಳು ಒಂದನ್ನೂ ಆಡಲಿಲ್ಲ. ಅವಳ ಕಣ್ಣು ಮೆಟ್ಟಿಲ ಮೇಲೇ ಇತ್ತು.

೯

ಒಟ್ಟು ಹದಿನೆಂಟು ಮೆಟ್ಟಿಲು. ಹುಲ್ಲಪ್ಪ ಟವೆಲಿನ ಗಂಟನ್ನು ಎದೆಗವಚಿಕೊಂಡು ಹನ್ನೊಂದು ಇಳಿದಿದ್ದಾನೆ. ಉಳಿದ ಏಳನ್ನು ನಾನು ಬರೆಯುವುದಿಲ್ಲ. ಕೂದಲು ಯಾಕೆ ಉದುರಿತು ಎಂದು ಡಾಕ್ಟರಿಗೇ ಗೊತ್ತಾಗಲಿಲ್ಲ, ನನ್ನನ್ನು ಕೇಳಬೇಡಿ. ಅವನು ಅವಳಿಗೆ ಏನು ಹೇಳಿದ ಎಂದೂ ಕೇಳಬೇಡಿ. ನಾನು ಪೆನ್ನು ಕೆಳಗಿಟ್ಟಿದ್ದೇನೆ. ಅವನು ನನ್ನ ಕಡೆ ನೋಡುತ್ತಿದ್ದಾನೆ, ನಾನು ಎದುರು ಮನೆಯ ಟಾಕಿ ನೋಡುತ್ತಿದ್ದೇನೆ.

"ಮಲಗೈತೇನ್ರಿ?" ಎಂದು ಬೋರವ್ವ ಕೆಳಗಿನಿಂದ ಕೇಳಿದಳು. ಅವಳು ಮಡಿಲ ಮೇಲಿನ ಸೀರೆಯ ನೆರಿಗೆ ಸರಿಮಾಡಿ, ದನಿ ತಗ್ಗಿಸಿ,

"ಸಾವಕಾಶ ಇಳೀರಿ, ಎಚ್ಚರಾದೀತು," ಅಂದಳು.