ಎಂಟನೇ ಪಾಠ

ಗಂಡನ ಅಂತ್ಯಸಂಸ್ಕಾರಕ್ಕೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಏಳಕ್ಕೇ ಬಾಗಿಲು ತಟ್ಟಿದವನು ಮೀಸೆ ಅಣ್ಣ. ಗಂಡನ ಜೊತೆ ಬಾಯ್ಲರ್ ವಿಭಾಗದಲ್ಲಿ ದುಡಿಯುತ್ತಿದ್ದವನು. ಬೂಟು ಬಿಚ್ಚದೆ ಹೊಸ್ತಿಲಾಚೆಯೇ ನಿಂತ.

“ಕೇಳೋ ಹೊತ್ತಲ್ಲ ತಂಗಿ. ನನ್ ಪುಸ್ತಕ ಅವನ ಹತ್ರ ಉಳೀತು. ನಾಡಿದ್ದು ಪರೀಕ್ಷೆ.”

ಹೊಸ ಬಾಯ್ಲರ್ ಬಂದಮೇಲೆ ಕಂಪನಿಯೇ ಫೀಸು ಕಟ್ಟಿ, ಪುಸ್ತಕ ಕೊಟ್ಟು, ತನಗೆ ಬೇಕಾದ ಹತ್ತು ಪಾಠ ಆರಿಸಿ ಎಲ್ಲರನ್ನೂ ಓದಲು ಕೂರಿಸಿತ್ತು. ಪಾಸಾಗದವರು ಲೋಡಿಂಗಿಗೆ. ಐವತ್ತೆರಡರ ಮೀಸೆ ಅಣ್ಣನದು ಮೂಟೆ ಹೊರುವ ಬೆನ್ನಲ್ಲ.

“ಸ್ಕೂಲಿಗೆ ಚಕ್ಕರ್ ಹೊಡ್ದು ಮೇಷ್ಟ್ರ ಕೈಗೇ ಸಿಗ್ಲಿಲ್ಲ ನಾನು. ಈಗ ಕಂಪನಿ ಕೈಗೆ ಸಿಕ್ಬಿದ್ದೆ,” ಎಂದು ನಗಲು ನೋಡಿದ.

“ಎಲ್ಲಿಟ್ಟಿದಾರೋ ಗೊತ್ತಿಲ್ಲ ಅಣ್ಣ,” ಎಂದುಬಿಟ್ಟಳು ಅವಳು.

ಅವನ ಮುಖ ಬಿಳಿಚಿತು. “ಇರ್ಲಿ ಬಿಡಮ್ಮ,” ಎಂದು ಮೆಟ್ಟಿಲಿಳಿದ.

ಪುಸ್ತಕ ಅವಳ ದಿಂಬಿನ ಕೆಳಗಿತ್ತು. ಅದರ ಗಡುಸು ಮಾತು ಗೆಳೆಯನ ತಲೆಗೆ ಹತ್ತುವುದಿಲ್ಲವೆಂದು ಗಂಡ ಮನೆಗೆ ತಂದು, ಅಂಚಿನಲ್ಲಿ ಪೆನ್ಸಿಲಿನಿಂದ ಬಿಡಿಸಿ ಬರೆಯುತ್ತಿದ್ದ: ‘ಉಗಿ ಜಾಸ್ತಿಯಾದ್ರೆ ಈ ವಾಲ್ವ್ ತಾನೇ ತೆರ್ಕೊಂಡು ಬುಸ್ ಅನ್ನತ್ತೆ, ನಮ್ಮತ್ತಿಗೆ ಥರ. ಆಗ ಹತ್ರ ಹೋಗ್ಬೇಡ.’ ಹೀಗೆ ಏಳನೇ ಪಾಠದವರೆಗೆ. ಆಮೇಲೆ ಅಂಚು ಖಾಲಿ. ಅವನ ಅಕ್ಷರ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ.

ಹನ್ನೊಂದಾಯಿತು. ಒಂದಾಯಿತು. ತಟ್ಟೆಯೆದುರು ಕೂತರೆ ಮೂಟೆಯ ಕೆಳಗೆ ಬಾಗಿದ ಬೆನ್ನೊಂದು ಕಣ್ಣಿಗೆ ಕಟ್ಟುತ್ತಿತ್ತು. ತಟ್ಟೆ ಸರಿಸಿದಳು. ಎದ್ದು ಪೆನ್ಸಿಲ್ ಹೆರೆದು ಎಂಟನೇ ಪಾಠ ತೆರೆದಳು. ಎಂ.ಎ. ಮಾಡಿದವಳು, ಮೂರು ಸಲ ಓದಿದರೂ ನೀರಿನ ಮಟ್ಟದ ವಿಷಯ ತಿಳಿಯಲಿಲ್ಲ. ನಾಲ್ಕನೆಯ ಸಲ ತಿಳಿಯಿತು. ಖಾಲಿ ಅಂಚಿನಲ್ಲಿ ಬರೆದಳು, ಅಳಿಸಿದಳು. ಅವಳು ತಪ್ಪಿದರೆ ಮೀಸೆ ಅಣ್ಣ ಫೇಲು. ಕತ್ತಲಾಗುವ ಮೊದಲು ಹತ್ತನೇ ಪಾಠವೂ ಮುಗಿಯಿತು.

ಮರುದಿನ ಕಂಪನಿ ಬಸ್ಸು ನಿಲ್ಲುವಲ್ಲಿ ಪುಸ್ತಕ ಚಾಚಿದಳು. “ಮನೇಲೇ ಇತ್ತು ಅಣ್ಣ. ನಿನ್ನೆ ಸುಳ್ಳು ಹೇಳ್ದೆ.”

ಅವನು ಹಾಳೆ ತಿರುವುತ್ತ ಎಂಟನೇ ಪಾಠಕ್ಕೆ ಬಂದು, ಅಂಚಿನ ಮೇಲೆ ಬೆರಳಿಟ್ಟು ತಡವರಿಸುತ್ತ ಓದಿದ. “ಗಾಜಿನ ಕೊಳವೇಲಿ ನೀರು... ಕಾಣ್ದಿದ್ರೆ, ನೀರು ಬಿಡಕ್ಕೆ ಓಡ್ಬೇಡ. ಮೊದ್ಲು ಬೆಂಕಿ ಆರ್ಸು.” ತಲೆಯೆತ್ತಿದ. “ಯಾಕೆ?”

“ಕಾದ ಕಬ್ಬಿಣ ಅಣ್ಣ. ತಣ್ಣೀರು ಬಿದ್ರೆ ಸಿಡಿಯತ್ತೆ.”

“ಹೌದಲ್ವಾ!”

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಬಳಿ ಕೂತ. ಗಾಜಿನಾಚೆ ಪುಸ್ತಕದ ಮೇಲೆ ಬಾಗಿದ ಮೀಸೆ ಮೆಲ್ಲಗೆ ಅಲುಗುತ್ತಿತ್ತು. ದಿನಾ ಅವಳ ಗಂಡ ಕೂರುತ್ತಿದ್ದ ಪಕ್ಕದ ಸೀಟಿನಲ್ಲಿ ಯಾರೂ ಕೂರದಂತೆ ಊಟದ ಡಬ್ಬಿ ಇಟ್ಟಿದ್ದ.