ಮಾರಿದರೆ ಎಲ್ಲರೂ ಒಟ್ಟಿಗೆ

"ತಲೆ ಸ್ವಲ್ಪ ಈ ಕಡೆ ತಿರುಗಿಸಣ್ಣ" ಎಂದುಬಿಟ್ಟ ಮೇಲೆ ಕಟಿಂಗ್ ಅಂಗಡಿಯವನು ನಾಲಿಗೆ ಕಚ್ಚಿಕೊಂಡ. ನೊರೆ ಹಚ್ಚಿದ ಗಲ್ಲಕ್ಕೆ ಎಡಗೈ ಕೊಟ್ಟು ತಾನೇ ಮೆಲ್ಲಗೆ ತಿರುಗಿಸಿದ. ಈ ಗಲ್ಲ ಅವನ ಕತ್ತಿಗೆ ಇಷ್ಟು ಸುಮ್ಮನೆ ಎಂದೂ ಸಿಕ್ಕಿದ್ದಿಲ್ಲ. ಬ್ಯಾಟರಿಯಣ್ಣನಿಗೆ ಕ್ಷೌರ ಮಾಡುವುದೆಂದರೆ ಓಡುವ ಬಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಕೂತಲ್ಲಿಂದ ಏಳುವವರೆಗೆ ಕಂಪನಿಯ ಮಾತು. "ಮಾತಾಡಿದ್ರೆ ಕುಯ್ದುಬಿಡುತ್ತೆ ಕಣಣ್ಣ" ಎಂದರೆ, "ಕುಯ್ಯಲಿ ಬಿಡೋ, ಕಂಪನಿ ಮೇಲೆದ್ದ ದಿನ ಹೊಸ ಗಲ್ಲ ಹಾಕಿಸ್ಕೋತೀನಿ" ಎನ್ನುತ್ತಿದ್ದ.

ನಿನ್ನೆ ಮಧ್ಯಾಹ್ನ ಯಾರದೋ ಲಾರಿಯ ಬ್ಯಾಟರಿ ಎತ್ತಲು ಬಗ್ಗಿದವನು ಅಂಗಡಿಯಲ್ಲೇ ಕುಸಿದಿದ್ದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೊರಗೆ ಬಡಗಿ ಬಾಗಿಲಿನ ತಿರುಪು ಬಿಚ್ಚುತ್ತಿದ್ದ. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಬಾಗಿಲು ಕಳಚದಿದ್ದರೆ ಸ್ಟ್ರೆಚರ್ ಮೆಟ್ಟಿಲಿನ ಕಡೆ ತಿರುಗುವುದಿಲ್ಲ ಎಂದು ನೋಡಿದ ಕೂಡಲೇ ಹೇಳಿದವನು ಅವನೇ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು ಫೋನನ್ನು ಬೋರಲು ಹಾಕಿಕೊಂಡು ಕೂತಿದ್ದರು.

ಬ್ಯಾಟರಿಯಣ್ಣನ ಹೆಂಡತಿ ಬಿಸಿನೀರಿನ ತಂಬಿಗೆ ತಂದಿಟ್ಟಳು. ಮಕ್ಕಳಿಲ್ಲದ ಮನೆ, ಎಲ್ಲದಕ್ಕೂ ಅವಳೇ.

"ಮೀಸೆ ಹಾಗೇ ಇರ್ಲಪ್ಪ."

"ಹೂಂ ಅತ್ತಿಗೆ."

"ಇವತ್ತಾದ್ರೂ ದುಡ್ಡು ತಗೋ. ಎಷ್ಟು ವರ್ಷದಿಂದ ಇವರ ಹತ್ರ ಒಂದು ಕಾಸೂ ತಗೊಂಡಿಲ್ಲ ನೀನು."

"ಅಣ್ಣನ ಹತ್ರ ದುಡ್ಡಾ ಅತ್ತಿಗೆ?" ಎಂದ ಅವನು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಕತ್ತಿಯನ್ನು ಬಟ್ಟಲಿಗೆ ಇಳಿಸಿ ತೊಳೆದದ್ದನ್ನೇ ಮತ್ತೆ ತೊಳೆದ.

*

ಬ್ಯಾಟರಿಯಣ್ಣನ ಅಂಗಡಿ ಅದೇ ಕಟ್ಟಡದ ಕೆಳಗೆ. ಆಟೋ, ಕಾರು, ಲಾರಿಗಳ ಬ್ಯಾಟರಿಗಳು ಮುಚ್ಚಳ ಬಿಚ್ಚಿಕೊಂಡು ಸಾಲಾಗಿ ಚಾರ್ಜಿಗೆ ಕೂತಿರುತ್ತಿದ್ದವು. ಒಳಗಿನ ಆಸಿಡ್ಡು ದಿನವಿಡೀ ಗುಳುಗುಳು ಎನ್ನುತ್ತಿತ್ತು. ಹೊರಗೊಂದು ಬೆಂಚು. ಎದುರಿನ ಕಟಿಂಗ್ ಅಂಗಡಿಯವನು, ಪಕ್ಕದ ಬಡಗಿ, ಪೇಪರು ಓದಲು ಬರುವ ಮೇಷ್ಟ್ರು, ಸಂಜೆಯಾದರೆ ಮೂವರೂ ಅಲ್ಲಿ ಹಾಜರು.

ಕಂಪನಿಯ ಸುದ್ದಿ ತಂದವನು ಬ್ಯಾಟರಿಯಣ್ಣನೇ.

"ನೀರಿಗೆ ಟ್ಯಾಂಕ್ ಇದೆ, ಕಾಳಿಗೆ ಡಬ್ಬ ಇದೆ. ಕರೆಂಟಿಗೆ ಏನಿದೆ ಹೇಳಿ? ಬಿಸಿಲಿದ್ದಾಗ ಬೇಕಾದಷ್ಟು ಹುಟ್ಟುತ್ತೆ, ಕತ್ತಲಾದ ಮೇಲೆ ಬಾ ಅಂದ್ರೆ ಬರಲ್ಲ. ಊರಿಗೆ ಊರೇ ಉರಿಸೋವಷ್ಟು ಕೂಡಿಡೋ ಬ್ಯಾಟರಿ ಮಾಡ್ತಿದ್ದಾರೆ ಇವರು. ಈಗ ಷೇರು ಅಗ್ಗ. ಆಮೇಲೆ ನಮ್ಮಂಥೋರ ಕೈಗೆ ಎಟುಕಲ್ಲ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಪ್ಪ" ಎಂದರು ಮೇಷ್ಟ್ರು.

"ಮೇಷ್ಟ್ರೇ, ಜೀವಮಾನವೆಲ್ಲ ಬ್ಯಾಟರಿ ಜೊತೆ ಸಂಸಾರ ಮಾಡಿದೋನು ನಾನು. ನನಗೆ ಗೊತ್ತಾಗಲ್ವಾ?"

ಆ ಮಾತಿಗೆ ಮೂವರೂ ಬಿದ್ದರು. ಆಟೋ ಬ್ಯಾಟರಿಗೆ ನೀರು ಹಾಕುವುದಕ್ಕೂ ಊರಿಗೆ ದೀಪ ಹಚ್ಚುವುದಕ್ಕೂ ಅಜಗಜಾಂತರ ಎಂದು ಯಾರಿಗೂ ಹೊಳೆಯಲಿಲ್ಲ. ಅವನಿಗೂ ಹೊಳೆದಿರಲಿಲ್ಲ, ಪಾಪ. ಮೇಷ್ಟ್ರ ಫೋನಿನಲ್ಲಿ ನಾಲ್ವರೂ ತಂತಮ್ಮ ಹೆಸರಿಗೆ ಖಾತೆ ತೆರೆದು ಷೇರು ಕೊಂಡ ಸಂಜೆ ಬ್ಯಾಟರಿಯಣ್ಣ ಒಂದು ಷರತ್ತು ಹಾಕಿದ.

"ಒಬ್ಬ ಹೆದರಿ ಮಾರಿದ್ರೆ ಇನ್ನೊಬ್ಬನಿಗೂ ಹೆದರಿಕೆ ಅಂಟುತ್ತೆ. ಷೇರು ಮುಳುಗೋದೇ ಹಾಗೆ. ಮಾರಿದ್ರೆ ಎಲ್ಲರೂ ಒಟ್ಟಿಗೆ, ಇಲ್ಲ ಅಂದ್ರೆ ಯಾರೂ ಇಲ್ಲ. ಮುಟ್ಟಿ ಆಣೆ ಮಾಡಿ."

"ಏನನ್ನ ಮುಟ್ಟೋದು?" ಎಂದ ಬಡಗಿ.

"ಬ್ಯಾಟರೀನ."

ಚಾರ್ಜಿನಲ್ಲಿದ್ದ ಲಾರಿಯ ಬ್ಯಾಟರಿಯ ಮೇಲೆ ನಾಲ್ಕು ಕೈಗಳು ಬಿದ್ದವು. ಶಾಕ್ ಹೊಡೆಯುತ್ತೆಂದು ಮೇಷ್ಟ್ರು ಒಂದೇ ಬೆರಳು ಇಟ್ಟರು. ನಗೆ ಬೀದಿಯ ಕೊನೆಯವರೆಗೂ ಕೇಳಿಸಿತು.

ಆಮೇಲೆ ಕಾಯುವುದು ಶುರುವಾಯಿತು. ಆಗಾಗ ಮೇಷ್ಟ್ರ ಫೋನಿಗೆ ಕಂಪನಿಯ ಪ್ರಕಟಣೆ ಬರುತ್ತಿತ್ತು. ಅವರು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದರು. ಪ್ರಯೋಗ ತೃಪ್ತಿಕರ, ಮುಂದಿನ ಹಂತ, ಶೀಘ್ರದಲ್ಲೇ ಉತ್ಪಾದನೆ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?" ಎಂದು ಬ್ಯಾಟರಿಯಣ್ಣ ತೊಡೆ ತಟ್ಟುತ್ತಿದ್ದ.

ಮಗಳನ್ನು ಕಾಲೇಜಿಗೆ ಸೇರಿಸುವ ವರ್ಷ ಕಟಿಂಗ್ ಅಂಗಡಿಯವನು ಗುಟ್ಟಾಗಿ ಮಗಳ ಫೋನಿನಿಂದ ತನ್ನ ಷೇರು ಮಾರಿಬಿಟ್ಟ. ಆಗ ಒಳ್ಳೆಯ ಬೆಲೆಯೇ ಇತ್ತು. ಸಂಜೆ ಬೆಂಚಿಗೆ ಹೋಗಿ ಹೇಳೋಣವೆಂದುಕೊಂಡ. ಬ್ಯಾಟರಿಯಣ್ಣ ಬೆನ್ನ ಮೇಲೆ ಕೈ ಹಾಕಿ, "ನನ್ನ ನಂಬಿ ಕೂತಿದೀಯಲ್ಲ, ನೀನು ನನ್ನ ತಮ್ಮ ಕಣೋ" ಎಂದ. ಕಟಿಂಗ್ ಅಂಗಡಿಯವನು ಹೇಳದೆಯೇ ಎದ್ದು ಬಂದ. ಮಾರನೆಯ ದಿನದಿಂದ ಅವನ ಹತ್ತಿರ ಕ್ಷೌರದ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದ.

*

ವಿದ್ಯುತ್ ಚಿತಾಗಾರದ ಬಾಗಿಲಲ್ಲಿ ಖಾಕಿ ಅಂಗಿಯ ನೌಕರ ಕೈ ಅಡ್ಡ ಹಿಡಿದ.

"ಕರೆಂಟ್ ಹೋಗಿದೆ. ಜನರೇಟರ್ ರಿಪೇರೀಲಿದೆ. ಬರೋವರೆಗೆ ಒಳಗೆ ಕೂತಿರಿ."

ಕಾಯುವ ಕೋಣೆಯ ಕಲ್ಲುಕಟ್ಟೆಯ ಮೇಲೆ ದೇಹವನ್ನು ಇಳಿಸಿದರು. ಬಂದಿದ್ದ ಬೀದಿಯ ಜನ ಒಬ್ಬೊಬ್ಬರೇ ನೆರಳು ಹುಡುಕಿಕೊಂಡು ಹೊರಗೆ ಹೋದರು. ಒಳಗೆ ಹೆಂಡತಿಯೂ ಈ ಮೂವರೂ ಉಳಿದರು.

"ಅಣ್ಣ ಎದ್ದು ಕೂತಿದ್ರೆ ಈಗ ಶುರು ಮಾಡ್ತಿದ್ದ" ಎಂದ ಬಡಗಿ. "ನೋಡಿದ್ರಾ, ಕೂಡಿಟ್ಟ ಕರೆಂಟ್ ಇದ್ದಿದ್ರೆ ಸತ್ತೋರೂ ಕಾಯಬೇಕಿರಲಿಲ್ಲ ಅಂತ."

ಎಲ್ಲರಿಗೂ ನಗು ಬಂತು, ಅವಳಿಗೂ ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು:

"ಮೇಷ್ಟ್ರೇ, ಬೆಳಗ್ಗೆ ನಿಮ್ಮ ಫೋನು ಸದ್ದು ಮಾಡ್ತು. ಕಂಪನಿಯದ್ದಾ?"

"ಹೌದಮ್ಮ."

"ಹಾಗಾದ್ರೆ ಓದಿ. ಅವರಿಗೆ ಕೇಳೋ ಹಾಗೆ ಓದಿ. ಒಂದನ್ನೂ ತಪ್ಪಿಸಿದೋರಲ್ಲ."

ಮೇಷ್ಟ್ರು ಎದ್ದು ಕಟ್ಟೆಯ ಬಳಿ ಹೋದರು. ಫೋನನ್ನು ಕಣ್ಣಿನ ಹತ್ತಿರ ಹಿಡಿದರು. "ಪ್ರಯೋಗದ ಫಲಿತಾಂಶ ಆಶಾದಾಯಕ" ಎಂದು ಶುರು ಮಾಡಿದರು. "ಕಂಪನಿ ಮುಂದಿನ ಹಂತಕ್ಕೆ ಕಾಲಿಡುತ್ತಿದೆ. ಷೇರುದಾರರ ತಾಳ್ಮೆಗೆ ಕೃತಜ್ಞತೆಗಳು." ಓದಿ ಮುಗಿಸಿ ಫೋನನ್ನು ಜೇಬಿಗೆ ಇಳಿಸಿದರು.

"ಒಳ್ಳೇದಾಯ್ತು" ಎಂದಳು ಅವಳು. ಗಂಡನ ನುಣುಪು ಗಲ್ಲ ಸವರಿದಳು. ಆಮೇಲೆ ಯಾರೂ ಕೇಳದೆ ತಾನಾಗಿ ಹೇಳತೊಡಗಿದಳು.

"ಹೋದ ವರ್ಷ ಡಾಕ್ಟರು ಆಪರೇಷನ್ ಮಾಡಿಸಲೇಬೇಕು ಅಂದಿದ್ರು. ಎದೆ ದುರ್ಬಲ, ಭಾರ ಎತ್ತಬಾರದು, ನಿಂತ್ಕೊಂಡು ಕೆಲಸ ಮಾಡಬಾರದು ಅಂತ. ವಾಪಸ್ ಬರುವಾಗ ಬಸ್ಸಲ್ಲಿ ನಾನೇ ಅಂದೆ, ಷೇರು ಮಾರಿಬಿಡೋಣ ರೀ, ಈಗಲೂ ಆಪರೇಷನ್ನಿಗೆ ಆಗೋವಷ್ಟು ಬರುತ್ತೆ ಅಂತ. ಅವರಿಗೂ ಮನಸ್ಸಿತ್ತು. ಹತ್ತು ಸಲ ಬಾಯಿ ತೆಗೆದ್ರು, ಹತ್ತು ಸಲ ಮುಚ್ಚಿದ್ರು."

"ಮತ್ತೆ ಯಾಕೆ ಮಾರಲಿಲ್ಲ?" ಎಂದ ಬಡಗಿ.

"ನೀವು ಮೂವರು ಮಾರಿರಲಿಲ್ಲವಲ್ಲ. 'ನನ್ನ ಮಾತು ಕೇಳಿ ದುಡ್ಡು ಹಾಕಿದೋರು ಕಣೆ. ಇವತ್ತಿಗೂ ಒಬ್ಬ ಕದಲಿಲ್ಲ. ಅವನು ನೋಡಿದ್ರೆ ಕ್ಷೌರಕ್ಕೆ ಕಾಸು ತಗೊಳಲ್ಲ, ಇವನು ನನ್ನ ಕಾಲು ಊದಿದ್ದು ನೋಡಿ ಎತ್ತರದ ಸ್ಟೂಲು ಮಾಡಿಕೊಟ್ಟ. ಮೇಷ್ಟ್ರು ಮಳೆ ಬಂದ್ರೂ ಕೊಡೆ ಹಿಡ್ಕೊಂಡು ಬಂದು ಓದಿ ಹೋಗ್ತಾರೆ. ಇಷ್ಟು ನಂಬಿರೋ ಜನರ ನಡುವೆ ನಾನೇ ಮೊದಲು ಮಾರೋದಾ?' ಅಂದ್ರು. ಆಮೇಲೆ ಷೇರೂ ಬಿತ್ತು, ಅವರೂ ಬಿದ್ರು."

ಕಟಿಂಗ್ ಅಂಗಡಿಯವನು ಎದ್ದು ಹೊರಗೆ ನಡೆದುಬಿಟ್ಟ.

*

ಚಿತಾಗಾರದ ಹಿಂಬದಿಯ ಮೆಟ್ಟಿಲ ಮೇಲೆ ಕಟಿಂಗ್ ಅಂಗಡಿಯವನು ತಲೆ ಹಿಡಿದುಕೊಂಡು ಕೂತ. ಉಳಿದಿಬ್ಬರೂ ಹಿಂದೆಯೇ ಬಂದರು.

"ನನ್ನ ಹೊಟ್ಟೇಲಿ ಇಟ್ಕೊಳೋಕ್ಕಾಗಲ್ಲ" ಎಂದ ಅವನು. "ನಾನು ಮಾರಿದೀನಿ. ಮಗಳ ಕಾಲೇಜಿನ ವರ್ಷಾನೇ ಮಾರಿದೀನಿ. ನೀವು ಉಗೀರಿ, ಹೊಡೀರಿ. ನಮ್ಮ ಆಣೆ ಮುರಿದೋನು ನಾನೊಬ್ಬ."

ಬಡಗಿ ಉಗಿಯಲಿಲ್ಲ. ಅವನ ಪಕ್ಕದಲ್ಲೇ ಕುಸಿದು ಕೂತ.

"ನೀನೊಬ್ಬನೇ ಅಂದ್ಕೋಬೇಡ. ಯಂತ್ರದ ಗರಗಸ ಕೊಂಡೆನಲ್ಲ, ದುಡ್ಡು ಎಲ್ಲಿಂದ ಬಂತು ಅಂದ್ಕೊಂಡೆ? ಅಣ್ಣ ಬಂದು ಗರಗಸಕ್ಕೆ ಕೈ ಮುಗಿದು, ಚೆನ್ನಾಗಿ ದುಡಿ ಅಂತ ಹರಸಿ ಹೋದ. ಆ ರಾತ್ರಿ ನಿದ್ದೆ ಬರಲಿಲ್ಲ. ಅದೇ ಗರಗಸದಲ್ಲಿ ಮೊದಲು ಕುಯ್ದಿದ್ದು ಅವನ ಸ್ಟೂಲಿನ ಮರ."

ಇಬ್ಬರೂ ಮೇಷ್ಟ್ರ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

"ನಾನು ನಿಮ್ಮಿಬ್ಬರಿಗಿಂತ ಮುಂಚೆ" ಎಂದರು. "ಕುಲಾವಿ ಹೊಲಿಸಬೇಡ ಅಂದೋನು ನಾನೇ ಅಲ್ವಾ? ಮೊದಲ ಪ್ರಕಟಣೆ ಓದಿದಾಗಲೇ ಅನುಮಾನ ಬಂತು, ಮಾರಿಬಿಟ್ಟೆ. ಹೇಳೋ ಧೈರ್ಯ ಬರಲಿಲ್ಲ. ಅವನ ಮುಖ ಬಾಡುತ್ತೆ ಅಂತ ವಿಳಂಬ ಅಂತಿದ್ದ ಕಡೆ ಎಚ್ಚರಿಕೆ ಅಂತ ಓದಿದೆ, ನಷ್ಟ ಅಂತಿದ್ದ ಕಡೆ ಹೂಡಿಕೆ ಅಂತ ಓದಿದೆ. ಇವತ್ತೂ ಅಷ್ಟೆ. ಪ್ರಯೋಗವನ್ನ ಸದ್ಯಕ್ಕೆ ನಿಲ್ಲಿಸಿದ್ದೀವಿ ಅಂತ ಬರೆದಿದ್ದಾರೆ. ಸತ್ತೋನಿಗೂ ಸುಳ್ಳು ಓದಿದೆ ಕಣ್ರಪ್ಪ."

ಇಷ್ಟು ವರ್ಷ ಆ ಬೆಂಚಿನ ಮೇಲೆ ಮೂವರು ಕೂತು, ತಮ್ಮದಲ್ಲದ ಷೇರಿಗಾಗಿ ಒಬ್ಬರಿಗಿಂತ ಒಬ್ಬರು ಹೆಚ್ಚು ಕಾದಿದ್ದರು. ಒಬ್ಬ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬ್ಯಾಟರಿಯಣ್ಣ ಒಂದಿಷ್ಟು ಬೈದು, ಆಮೇಲೆ ತಾನೂ ಮಾರಿ, ಆಸ್ಪತ್ರೆ ಸೇರುತ್ತಿದ್ದ.

"ಅತ್ತಿಗೆಗೆ ಹೇಳಲೇಬೇಕು" ಎಂದ ಬಡಗಿ.

ಅಷ್ಟರಲ್ಲಿ ಒಳಗೆ ದೀಪಗಳು ಹತ್ತಿಕೊಂಡವು. ಎಲ್ಲೋ ಒಂದು ಫ್ಯಾನು ಗುಂಯ್ ಎಂದು ತಿರುಗತೊಡಗಿತು. ಖಾಕಿ ಅಂಗಿಯವನು ಬಂದು, "ಕರೆಂಟ್ ಬಂತು, ಬೇಗ ಬನ್ನಿ, ಮತ್ತೆ ಹೋಗಿಬಿಡುತ್ತೆ" ಎಂದು ಕೂಗಿದ.

*

ಸಂಜೆ ಬ್ಯಾಟರಿ ಅಂಗಡಿಯ ಷಟರ್ ಅರ್ಧ ತೆರೆದಿತ್ತು. ಮೂವರೂ ಬಗ್ಗಿ ಒಳಗೆ ಹೋದರು. ನಿನ್ನೆ ಚಾರ್ಜಿಗೆ ಇಟ್ಟ ಬ್ಯಾಟರಿಗಳು ಇನ್ನೂ ಗುಳುಗುಳು ಎನ್ನುತ್ತಿದ್ದವು. ಬ್ಯಾಟರಿಯಣ್ಣನ ಎತ್ತರದ ಸ್ಟೂಲಿನ ಮೇಲೆ ಅವನ ಹೆಂಡತಿ ಕೂತಿದ್ದಳು.

"ಆಟೋದವನೊಬ್ಬ ಬ್ಯಾಟರಿ ಬೇಕು ಅಂತ ಬಂದಿದ್ದ" ಎಂದಳು. "ಅದಕ್ಕೇ ತೆಗೆದೆ. ಕೂತ್ಕೊಳ್ಳಿ."

ಯಾರೂ ಕೂರಲಿಲ್ಲ.

"ಮೇಷ್ಟ್ರೇ, ಅವರ ಷೇರನ್ನ ನನ್ನ ಹೆಸರಿಗೆ ಮಾಡಿಸೋದು ಹೇಗೆ ಅಂತ ನೋಡಿ. ದೂರದೂರಲ್ಲಿರೋ ನನ್ನ ತಮ್ಮ ಬೆಳಗ್ಗಿಂದ ಫೋನಲ್ಲಿ ಮಾರು ಮಾರು ಅಂತಿದ್ದಾನೆ, ಇನ್ನೂ ಇಳಿಯೋದ್ರೊಳಗೆ ಬಂದಷ್ಟು ಬರಲಿ ಅಂತ. ನಾನು ಆಗಲ್ಲ ಅಂದೆ. ನೀವು ಮೂವರು ಇಟ್ಕೊಂಡಿರೋವರೆಗೆ ನಾನೂ ಇಟ್ಕೋತೀನಿ. ಅವರ ಮಾತು ನಾನ್ಯಾಕೆ ಮುರೀಲಿ?"

ಮೇಷ್ಟ್ರು ಬಡಗಿಯ ಕಡೆ ನೋಡಿದರು. ಬಡಗಿ ಷಟರ್ ಕಡೆ ನೋಡಿದ.

"ಮಾರಿಬಿಡಿ ಅತ್ತಿಗೆ" ಎಂದ ಕಟಿಂಗ್ ಅಂಗಡಿಯವನು.

"ನೀವು?"

"ನಾವು ಮಾರಿ ಆಗಿದೆ."

"ಇವತ್ತಾ?"

"ಇಲ್ಲ. ಎಂದೋ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಮೂವರೂ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಅವಳು ಬೈಯುತ್ತಾಳೆಂದು, ಅಳುತ್ತಾಳೆಂದು ಮೂವರೂ ಕಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬಡಗಿಯನ್ನು ಮಾತ್ರ ಕೇಳಿದಳು:

"ಈ ಸ್ಟೂಲು?"

"ಮಾರಿದ ಮೇಲೆ ಮಾಡಿದ್ದು" ಎಂದ ಅವನು, ಕೇಳಿಸಿಯೂ ಕೇಳಿಸದ ಹಾಗೆ.

ಅವಳು ಸ್ಟೂಲಿನಿಂದ ಇಳಿದಳು. ಗೋಡೆಯ ಹತ್ತಿರ ಹೋಗಿ ಚಾರ್ಜರಿನ ಸ್ವಿಚ್ ಆರಿಸಿದಳು. ಗುಳುಗುಳು ನಿಧಾನವಾಗಿ ಇಳಿದು ನಿಂತುಹೋಯಿತು. ಸ್ಟೂಲು ಬರುವ ಮೊದಲು ಗಂಡ ಕೂರುತ್ತಿದ್ದ ಹಳೆಯ ಕ್ರೇಟನ್ನು ಮೂಲೆಯಿಂದ ಎಳೆದು, ಬೋರಲು ಹಾಕಿ, ಅದರ ಮೇಲೆ ಕೂತಳು.

ಸ್ಟೂಲು ನಾಲ್ವರ ನಡುವೆ ಖಾಲಿ ನಿಂತಿತ್ತು. ಅದರ ಕೆಳಗಿನ ಅಡ್ಡಪಟ್ಟಿ, ಅವನು ಊದಿದ ಪಾದ ಊರುತ್ತಿದ್ದ ಕಡೆ, ಎರಡು ಗುಳಿ ಬಿದ್ದು ಸವೆದಿತ್ತು.