ಹಬೀಬಾ ಟೀಚರರ ಮೂರು ಪ್ಲಸ್

ಹಬೀಬಾ ಟೀಚರರ ದನಿ ಎಂದೂ ಎರಡನೆಯ ಬೆಂಚು ದಾಟಿದ್ದಿಲ್ಲ. ಆದರೂ ಬಿಜೈಯ ನಮ್ಮ ಶಾಲೆಯಲ್ಲಿ ಅವರ ಜೀವಶಾಸ್ತ್ರದ ತರಗತಿಯಷ್ಟು ನಿಶ್ಶಬ್ದವಾದದ್ದು ಇನ್ನೊಂದಿರಲಿಲ್ಲ. ಕೊನೆಯ ಬೆಂಚಿನ ನಾವು ಉಸಿರು ಬಿಗಿಹಿಡಿದು, ಕತ್ತು ಮುಂದೆ ಚಾಚಿ, ಆ ಮಂದ್ರಸ್ವರದ ಒಂದೊಂದು ಪದವನ್ನೂ ಹೆಕ್ಕಿಕೊಳ್ಳುತ್ತಿದ್ದೆವು. ಮಾಸಿದ ಬಿಳಿ ಕೋಟು, ಜೇಬಿನಲ್ಲಿ ಹಸಿರು ಪೆನ್ನು, ಯಾರಿಗೋ ದಾರಿ ಬಿಡುತ್ತಿರುವಂತೆ ಗೋಡೆ ಹಿಡಿದು ನಡೆಯುವ ನಡಿಗೆ. ಹಾಡು ಮೊಳಗುತ್ತಿರುವ ಬಸ್ಸು ಹತ್ತಿದರೆ ಕಂಡಕ್ಟರನಿಗೆ ಮೊದಲ ಮಾತು: "ಪದ್ಯ ಸ್ವಲ್ಪ ಮೆಲ್ಲ ಮಾಡಿ ಮಾರಾಯ್ರೆ."

"ಎಲ್ಲ ಜೀವಕೋಶದಲ್ಲೂ ಒಂದೇ ಪುಸ್ತಕ ಉಂಟು," ಎನ್ನುತ್ತಿದ್ದರು. "ಯಾವ ಪಾಠ ಎಷ್ಟು ಜೋರು ಓದ್ಬೇಕು ಅಂತ ಕೋಶಕ್ಕೆ ಗೊತ್ತುಂಟು. ಗಾಯ ಆದ್ರೆ ಜೋರು, ಮಾಗಿದ ಮೇಲೆ ಮೆಲ್ಲ. ಆರೋಗ್ಯ ಅಂದ್ರೆ ಅದೇ." ಉತ್ತರ ಹಿಡಿಸಿದರೆ ಹಸಿರು ಶಾಯಿಯಲ್ಲಿ ಪ್ಲಸ್ ಚಿಹ್ನೆ ಹಾಕುತ್ತಿದ್ದರು, ಮೂರು ಪ್ಲಸ್ ಎಂದರೆ ಅತ್ಯುತ್ತಮ. ನನಗೆ ಒಮ್ಮೆ ಮಾತ್ರ ಸಿಕ್ಕಿದ ಆ ಕಾಗದ ಇನ್ನೂ ನನ್ನಲ್ಲಿದೆ.

ಕಳೆದ ತಿಂಗಳು ಕದ್ರಿಯ ಅವರ ಮನೆಗೆ ಹೋದಾಗ, ಚಹಾದ ಜೊತೆ ಒಂದು ಲ್ಯಾಬ್ ವರದಿಯನ್ನೂ ನನ್ನ ಮುಂದಿಟ್ಟರು. ಕಣ್ಣಿಗೆ ಬಿದ್ದದ್ದು 3+ ಒಂದೇ. ಪೆದ್ದಿ ನಾನು, ನಕ್ಕುಬಿಟ್ಟೆ. "ಮೂರು ಪ್ಲಸ್! ಟೀಚರ್, ನಿಮಗೆ ಯಾರು ಕೊಟ್ಟದ್ದು?"

"ಇದು ಆ ಪ್ಲಸ್ ಅಲ್ಲ, ಅಶ್ಮಿತಾ." ಅದೇ ದನಿ. "ಎದೆಯ ಕ್ಯಾನ್ಸರ್ ಗಡ್ಡೆಯದ್ದು. ಕೋಶಕ್ಕೆ ಬೆಳಿ ಅಂತ ಹೇಳುವ ಒಂದು ಜೀನ್ ಉಂಟು. ಎಲ್ಲರಲ್ಲೂ ಮೆಲ್ಲ ಹೇಳ್ತದೆ. ನನ್ನ ಗಡ್ಡೆಯಲ್ಲಿ ಬೊಬ್ಬೆ ಹಾಕ್ತಾ ಉಂಟು. ಆ ಬೊಬ್ಬೆಯ ಅಳತೆ ಈ ಮೂರು ಪ್ಲಸ್."

ಅಯ್ಯೋ ದೇವರೇ! ಗಡಿಬಿಡಿಯಲ್ಲಿ ಲೋಟ ಕೆಳಗಿಡಲು ಹೋಗಿ ಚಹಾವನ್ನು ವರದಿಯ ಮೇಲೆಲ್ಲ ಚೆಲ್ಲಿದೆ. ಅವರೇ ಸೆರಗಿನಿಂದ ಒರೆಸಿದರು. "ಅದರ ಬಾಯಿ ಮುಚ್ಚಿಸುವ ಇಂಜೆಕ್ಷನ್ ಬಂದುಂಟು, ಹೆದರ್ಬೇಡ. ಡಾಕ್ಟರ ಹತ್ರ ಸ್ವಲ್ಪ ಮೊದಲೇ ಹೋಗ್ಬೇಕಿತ್ತು, ಅಷ್ಟೇ. ಈಗ ಕಂಕುಳಿಗೂ ಹಬ್ಬಿದೆ."

"ಗಡ್ಡೆ ಉಂಟು ಅಂತ ಯಾವಾಗ ಗೊತ್ತಾದದ್ದು?"

"ಎಂಟು ತಿಂಗಳಾಯ್ತು."

ನನಗೆ ಸಿಟ್ಟೇ ಬಂತು. "ಎಂತ ಟೀಚರ್ ನೀವು! ಯಾರಿಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ಮನೆಯಲ್ಲಿ ಹೇಳಿದೆ. ನಿನಗೂ ಫೋನ್ ಮಾಡಿದ್ದೆ, ಡಾಕ್ಟರ ಹತ್ರ ಜೊತೆಗೆ ಬರ್ತೀಯಾ ಅಂತ. ನೀನು ಬಸ್ಸಲ್ಲಿದ್ದೆ, ಪದ್ಯ ಜೋರಿತ್ತು. ಆಮೇಲೆ ಮಾಡ್ತೇನೆ ಅಂದೆ ನೀನು."

ನಾನು ಮಾಡಿರಲಿಲ್ಲ. ಆ ಕರೆ ಬಂದದ್ದೇ ನನಗೆ ಮರೆತುಹೋಗಿತ್ತು.

ಮೆಲುದನಿಯ ಮನುಷ್ಯರು ತಮ್ಮ ನೋವನ್ನು ಒಮ್ಮೆ ಮಾತ್ರ ಹೇಳುತ್ತಾರೆ. ಅವರ ಸೌಮ್ಯತೆಯನ್ನು ನಾವು ಊರೆಲ್ಲ ಹೊಗಳುತ್ತೇವೆ. ಅಂಕದ ಆಸೆಗೆ ಅವರ ಪಿಸುಮಾತಿಗೂ ಕತ್ತು ಚಾಚಿದ್ದ ನಾವು, ಅವರಿಗಾಗಿ ಕೇಳಿಸಿಕೊಳ್ಳಬೇಕಾದ ದಿನ "ಆಮೇಲೆ" ಎನ್ನುತ್ತೇವೆ.